ಎರಿ ಮಣ್ಣನ್ನು ಕಂಪ್ಯೂಟರಿಗೆ ಹೇಗೆ ಹೇಳಿಕೊಡೋದು?

ಸಿವಿಲ್ ಬ್ರಾಂಚಿನಲ್ಲಿ ಫೈನಲ್ ಇಯರ್ ಪ್ರಾಜೆಕ್ಟ್ ಸೀಸನ್ ಬಂತಂದ್ರೆ ಲ್ಯಾಬಿನ ಕಂಪ್ಯೂಟರುಗಳ ಮೇಲೆ ಬಣ್ಣಬಣ್ಣದ ಚಿತ್ರಗಳು ಮೂಡಲು ಶುರುವಾಗುತ್ತವೆ. ಪಾಯದ ಕೆಳಗೆ ಕೆಂಪು, ಅದರ ಸುತ್ತ ಹಳದಿ, ದೂರ ಹೋದಂತೆ ಹಸಿರು, ನೀಲಿ. ರಿಪೋರ್ಟಿನ ಕೊನೆಯ ಪುಟದಲ್ಲಿ ಒಂದು ಸಾಲು: ಫ್ಯಾಕ್ಟರ್ ಆಫ್ ಸೇಫ್ಟಿ 3ಕ್ಕಿಂತ ಹೆಚ್ಚು ಇದೆ, ಆದ್ದರಿಂದ ಪಾಯ ಸೇಫ್. ಆದರೆ ಅಂಥದ್ದೇ ಕಪ್ಪು ಮಣ್ಣಿನ ಮೇಲೆ ಕಟ್ಟಿದ ಒಂದಂತಸ್ತಿನ ಮನೆ ಎರಡು ಮಳೆಗಾಲ ಕಳೆಯುವುದರೊಳಗೆ ಕಿಟಕಿ ಮೂಲೆಯಿಂದ ಓರೆಯಾಗಿ ಬಿರಿಯುತ್ತದೆ, ಬಾಗಿಲು ಚೌಕಟ್ಟಿಗೆ ಹಿಡಿದುಕೊಳ್ಳುತ್ತದೆ, ನಡುಮನೆಯ ಹಾಸುಗಲ್ಲು ಮೇಲೆದ್ದು ಬರುತ್ತದೆ. ಹಾಗಾದರೆ ಸಾಫ್ಟ್‌ವೇರ್ ಸುಳ್ಳು ಹೇಳಿತೇನು? ಇಲ್ಲ. ನಾವು ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರವನ್ನೇ ಕೊಟ್ಟಿತ್ತು. ನಾವು ಕೇಳಿದ್ದು "ಈ ಮಣ್ಣು ಭಾರ ತಡೀತದೇನು?" ಅಂತ. ಕೇಳಬೇಕಾಗಿದ್ದು "ನೀರು ಕುಡಿದ ಮೇಲೆ ಈ ಮಣ್ಣು ಏನ್ ಮಾಡ್ತದ?" ಅಂತ.

ಈ ಎರಡು ಪ್ರಶ್ನೆಗಳ ನಡುವಿನ ಅಂತರ ಎಷ್ಟು ಅಂತ ನೋಡಲು ದೂರ ಹೋಗಬೇಕಿಲ್ಲ. ನವಲಗುಂದ ತಾಲೂಕಿನ ಯಮನೂರನ್ನೇ ತೆಗೆದುಕೊಳ್ಳೋಣ. ಬೆಣ್ಣಿಹಳ್ಳದ ದಂಡೆಯ ಊರು, ಜಾತ್ರೆಗೆ ಹೆಸರಾದ ಊರು, ಸುತ್ತ ಕಣ್ಣು ಹಾಯುವವರೆಗೂ ಎರಿ ಹೊಲ. ಬೇಸಿಗೆಯಲ್ಲಿ ಆ ಹೊಲದಲ್ಲಿ ನಡೆದರೆ ಪಾದ ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕು. ಮಳೆಗಾಲದಲ್ಲಿ ಅದೇ ಹೊಲಕ್ಕೆ ಇಳಿದರೆ ಚಪ್ಪಲಿಗೆ ಎರಡೆರಡು ಕಿಲೋ ಮಣ್ಣು. ಹಿಂಗಾರಿಯಲ್ಲಿ ಕಡಲಿ, ಬಿಳಿಜೋಳ, ಕುಸುಬಿ ಮಳೆ ಇಲ್ಲದೆಯೂ ಬೆಳೆಯುತ್ತವೆ, ಯಾಕಂದ್ರೆ ಮಣ್ಣು ಕುಡಿದ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ರೈತನಿಗೆ ವರವಾದ ಆ ಗುಣವೇ ಪಾಯ ಹಾಕುವವನಿಗೆ ತಲೆನೋವು.

ಕಾರಣ ಮಣ್ಣಿನ ಒಳಗಿನ ಖನಿಜದಲ್ಲಿದೆ. ಎರಿ ಮಣ್ಣಿನ ಜೇಡಿಯಲ್ಲಿ ಮಾಂಟ್ಮೊರಿಲೊನೈಟ್ ಎಂಬ ಖನಿಜ ಹೆಚ್ಚು. ಅದು ಪುಸ್ತಕದ ಹಾಳೆಗಳಂತೆ ಪದರು ಪದರಾಗಿರುತ್ತದೆ, ಪದರಗಳ ನಡುವಿನ ಬೆಸುಗೆ ಬಹಳ ದುರ್ಬಲ, ಹಾಗಾಗಿ ನೀರು ಹಾಳೆ ಹಾಳೆಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ. ಶುದ್ಧ ಮಾಂಟ್ಮೊರಿಲೊನೈಟಿನ ಒಂದು ಗ್ರಾಂನಲ್ಲಿ ಈ ಎಲ್ಲಾ ಹಾಳೆಗಳ ಮೇಲ್ಮೈ ಕೂಡಿಸಿದರೆ ಸುಮಾರು 800 ಚದರ ಮೀಟರ್ ಆಗುತ್ತದೆ. ಕೆಂಪು ಮಣ್ಣಿನಲ್ಲಿ ಹೆಚ್ಚಾಗಿ ಸಿಗುವ ಕಯೊಲಿನೈಟಿಗೆ ಇದು 10ರಿಂದ 20 ಚದರ ಮೀಟರ್ ಅಷ್ಟೇ. ಮಸಾರಿ ನೆಲದ ಮನೆ ಸುಮ್ಮನಿರುವುದಕ್ಕೂ ಎರಿ ನೆಲದ ಮನೆ ಏಳುತ್ತ ಇಳಿಯುತ್ತ ಇರುವುದಕ್ಕೂ ಮುಖ್ಯ ಕಾರಣ ಇಷ್ಟೇ.

ಈಗ ಲೆಕ್ಕಕ್ಕೆ ಕೂಡೋಣ. ಪೆನ್ನು, ಕ್ಯಾಲ್ಕ್ಯುಲೇಟರ್ ಸಾಕು, ಸಾಫ್ಟ್‌ವೇರ್ ಆಮೇಲೆ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ನಾನು ಹಿಡಿದುಕೊಂಡವು, ಯಾವ ಒಂದು ಹೊಲದ ಸ್ಯಾಂಪಲ್ಲಿನವೂ ಅಲ್ಲ.

ಒಂದಂತಸ್ತಿನ ಮನೆ. ಗೋಡೆಯ ಭಾರ ಒಂದು ಮೀಟರ್ ಉದ್ದಕ್ಕೆ 30 ಕಿಲೋನ್ಯೂಟನ್. ಪಾಯದ ಅಗಲ 0.6 ಮೀಟರ್, ಆಳ 1 ಮೀಟರ್. ಅಂದರೆ ಪಾಯ ಮಣ್ಣಿನ ಮೇಲೆ ಹಾಕುವ ಒತ್ತಡ 50 ಕಿಲೋಪಾಸ್ಕಲ್. ಮಳೆಗಾಲದ ಹಸಿ ಮಣ್ಣಿನ ಅನ್‌ಡ್ರೇನ್ಡ್ ಶಿಯರ್ ಸ್ಟ್ರೆಂಗ್ತ್ 40 ಕಿಲೋಪಾಸ್ಕಲ್ ಅಂತ ಹಿಡಿಯಿರಿ. ಅದನ್ನು 5.14ರಿಂದ ಗುಣಿಸಿ 3ರಿಂದ ಭಾಗಿಸಿದರೆ 68 ಬರುತ್ತದೆ. 50ಕ್ಕಿಂತ ಹೆಚ್ಚು. ಸೇಫ್! ಬೇಸಿಗೆಯ ಒಣ ಮಣ್ಣಂತೂ ಇದರ ಎಷ್ಟೋ ಪಟ್ಟು ಗಟ್ಟಿ.

ಈಗ ಎರಡನೇ ಪ್ರಶ್ನೆ. ಮೇಲಿನ 3 ಮೀಟರ್ ಮಣ್ಣು ಋತುಮಾನಕ್ಕೆ ತಕ್ಕಂತೆ ಒಣಗಿ ಹಸಿಯಾಗುತ್ತದೆ, ಅದರ ಉಬ್ಬುವ ಒತ್ತಡ 150 ಕಿಲೋಪಾಸ್ಕಲ್, ಸ್ವೆಲ್ ಇಂಡೆಕ್ಸ್ 0.08, ವಾಯ್ಡ್ ರೇಶಿಯೋ 0.9, ಯುನಿಟ್ ವೇಟ್ 18. ಮಣ್ಣನ್ನು ಒಂದೊಂದು ಮೀಟರಿನ ಪದರುಗಳಾಗಿ ಮಾಡಿ, ಪ್ರತಿ ಪದರಿನ ನಡುಮಧ್ಯದಲ್ಲಿ ಎಷ್ಟು ಭಾರ ಕೂತಿದೆ ಅಂತ ನೋಡಬೇಕು. ಉಬ್ಬುವ ಒತ್ತಡವನ್ನು ಆ ಭಾರದಿಂದ ಭಾಗಿಸಿ, ಲಾಗ್ ತೆಗೆದು, 0.08 ಭಾಗಿಸು 1.9ರಿಂದ ಗುಣಿಸಿ, ಪದರಿನ ದಪ್ಪದಿಂದ ಗುಣಿಸಿದರೆ ಆ ಪದರು ಎಷ್ಟು ಏಳುತ್ತದೆ ಅಂತ ಸಿಗುತ್ತದೆ. ಥರ್ಡ್ ಇಯರಿನ ಕನ್ಸಾಲಿಡೇಶನ್ ಸೆಟ್ಲ್‌ಮೆಂಟ್ ಲೆಕ್ಕವನ್ನೇ ತಿರುವಿ ಹಾಕಿದಂಗ.

ಗೋಡೆಯ ಕೆಳಗೆ ಎರಡು ಪದರು ಉಳಿಯುತ್ತವೆ. ಪಾಯದ ಭಾರ ಕೆಳಗೆ ಹೋದಂತೆ ಹರಡಿಕೊಳ್ಳುವುದನ್ನೂ ಸೇರಿಸಿದರೆ ಮೇಲಿನ ಪದರಿನ ಮೇಲೆ ಸುಮಾರು 54, ಕೆಳಗಿನದರ ಮೇಲೆ 59 ಕಿಲೋಪಾಸ್ಕಲ್. ಎರಡೂ ಸೇರಿ ಏಳುವುದು ಸುಮಾರು 36 ಮಿಲಿಮೀಟರ್. ಅದೇ ಮನೆಯ ನಡುಮನೆಯ ಕೆಳಗೆ ಗೋಡೆಯ ಭಾರ ಇಲ್ಲ, ಮೂರೂ ಪದರು ಎರಿ ಮಣ್ಣೇ, ಮೇಲೆ ಕೂತಿರುವುದು ಮಣ್ಣಿನ ಸ್ವಂತ ತೂಕ ಮಾತ್ರ. ಅಲ್ಲಿ ಏಳುವುದು ಸುಮಾರು 105 ಮಿಲಿಮೀಟರ್. ಒಂದೇ ಮನೆಯ ಗೋಡೆಗೂ ನಡುಮನೆಗೂ 7 ಸೆಂಟಿಮೀಟರ್ ವ್ಯತ್ಯಾಸ! ಹಾಸುಗಲ್ಲು ಯಾಕೆ ಗುಬ್ಬಿಯಾಗಿ ಏಳುತ್ತದೆ ಅನ್ನುವುದು ಇಲ್ಲಿ ಸಿಕ್ಕಿತು. ಇದಕ್ಕೆ ಫೈನೈಟ್ ಎಲಿಮೆಂಟ್ ಬೇಕಾಗಲಿಲ್ಲ.

ಇನ್ನೊಂದು ಮಾತೂ ಈ ಲೆಕ್ಕದಲ್ಲೇ ಅಡಗಿದೆ. ಮೇಲಿನ ಭಾರ 150 ಮುಟ್ಟಿದರೆ ಲಾಗ್ ಸೊನ್ನೆಯಾಗುತ್ತದೆ, ಮಣ್ಣು ಏಳುವುದಿಲ್ಲ. ಅಂದರೆ ಎರಿ ನೆಲದಲ್ಲಿ ಕಟ್ಟಡ ಹಗುರವಾದಷ್ಟೂ ಕಷ್ಟ ಹೆಚ್ಚು. ಬಡವನ ಒಂದಂತಸ್ತಿನ ಮನೆ, ಶಾಲೆಯ ಕಾಂಪೌಂಡ್ ಗೋಡೆ, ಹಳ್ಳಿ ರಸ್ತೆ, ಕಾಲುವೆಯ ಕಾಂಕ್ರೀಟ್ ಹಾಸು, ಇವೇ ಮೊದಲು ಬಿರಿಯುವುದು. ನಾವು ಮಾಡೆಲಿಂಗ್ ಕಲಿಯುವಾಗ ಮಾತ್ರ ಹತ್ತು ಅಂತಸ್ತಿನ ಕಟ್ಟಡವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇವೆ. ನಮ್ಮ ಭಾಗದ ಸಮಸ್ಯೆ ಅಲ್ಲಿಲ್ಲ.

ಕಾಲುವೆಯ ಹಾಸನ್ನೇ ನೋಡಿ. ನವಿಲುತೀರ್ಥದ ಆಣೆಕಟ್ಟಿನಿಂದ ಹೊರಟ ಮಲಪ್ರಭಾ ಬಲದಂಡೆ ಕಾಲುವೆಯ ಜಾಲ ನವಲಗುಂದ, ನರಗುಂದದ ಇಂಥ ಎರಿ ಸೀಮೆಗೇ ನೀರು ಕೊಡಲು ಮಾಡಿದ್ದು. 10 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಹಾಸು ಮಣ್ಣಿನ ಮೇಲೆ ಹಾಕುವ ಒತ್ತಡ 2.4 ಕಿಲೋಪಾಸ್ಕಲ್ ಮಾತ್ರ. ಕೆಳಗಿನ ಮಣ್ಣು 150ರಿಂದ ಮೇಲೆ ತಳ್ಳುತ್ತದೆ. ಆನೆ ಎದುರು ಇರುವೆ! ಅದೇ ಮೂರು ಪದರಿನ ಲೆಕ್ಕ ಹಾಕಿದರೆ ಹಾಸು ಸುಮಾರು 98 ಮಿಲಿಮೀಟರ್ ಏಳಬೇಕು.

ಇಂಥ ಕಾಲುವೆಗಳ ಸಮಸ್ಯೆಗೆ ಉತ್ತರ ಹುಡುಕಿದವರಲ್ಲಿ ದೊಡ್ಡ ಹೆಸರು ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ ಅವರದು. ಇಂಡಿಯನ್ ಜಿಯೋಟೆಕ್ನಿಕಲ್ ಸೊಸೈಟಿಯ ಮೊದಲ ವಾರ್ಷಿಕ ಉಪನ್ಯಾಸವನ್ನು 1978ರಲ್ಲಿ ಅವರು ಕಪ್ಪು ಹತ್ತಿ ಮಣ್ಣಿನ ಮೇಲೆಯೇ ಕೊಟ್ಟರು. ಅವರು ಸೂಚಿಸಿದ ದಾರಿ ಕೇಳಲು ಬಹಳ ಸರಳ: ಮೇಲಿನ ಎರಿ ಮಣ್ಣು ತೆಗೆದು, ಅಂಟಿಕೊಳ್ಳುವ ಗುಣವಿದ್ದೂ ಉಬ್ಬದ ಮಣ್ಣನ್ನು, ನಮ್ಮ ಕಡೆ ಮಾತಿನಲ್ಲಿ ಹೇಳುವುದಾದರೆ ಜೇಡಿ ಬೆರೆತ ಒಳ್ಳೆ ಗರಸನ್ನು, ಸುಮಾರು ಒಂದು ಮೀಟರ್ ತನಕ ಹಾಕಿ ದಮ್ಮಸು ಮಾಡುವುದು. ಇದಕ್ಕೆ ಸಿಎನ್‌ಎಸ್ ಪದರು ಅಂತ ಹೆಸರು. ಎರಿ ನೆಲದ ಕಾಲುವೆಗಳಿಗೆ ಇರುವ ಭಾರತೀಯ ಮಾನಕ 9451ರಲ್ಲಿ ಇದೇ ವಿಧಾನ ಇದೆ.

ನಮ್ಮ ಪುಟ್ಟ ಮಾಡೆಲ್ಲಿಗೆ ಈ ಗರಸನ್ನು ಹಾಕಿ ನೋಡೋಣ. ಮೇಲಿನ ಒಂದು ಮೀಟರ್ ಎರಿ ಹೋಯಿತು, ಅದರ ಜಾಗಕ್ಕೆ 20 ಕಿಲೋಪಾಸ್ಕಲ್ ತೂಕದ ಗರಸು ಬಂತು. ಉಳಿದ ಎರಡು ಪದರಿನ ಲೆಕ್ಕ ಸುಮಾರು 49 ಮಿಲಿಮೀಟರ್ ತೋರಿಸುತ್ತದೆ. ಉಬ್ಬು ಅರ್ಧಕ್ಕೆ ಇಳಿಯಿತು, ನಿಲ್ಲಲಿಲ್ಲ. ಆದರೆ ಕಟ್ಟಿಯವರ ಪ್ರಯೋಗಗಳಲ್ಲಿ ಒಂದು ಮೀಟರಿನಷ್ಟು ಗರಸು ಹಾಕಿದಾಗ ಉಬ್ಬು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಅಷ್ಟೇ ದಪ್ಪ ಮರಳು ಹಾಕಿದರೆ ಆ ಫಲ ಸಿಗುವುದಿಲ್ಲ, ಗರಸಿನ ಅಂಟುಗುಣವೇ ಕೆಳಗಿನ ಮಣ್ಣನ್ನೂ ಹಿಡಿದು ಕೂರಿಸುತ್ತದೆ ಎಂಬುದು ಅವರ ವಾದ. ನಮ್ಮ ಮಾಡೆಲ್ಲಿಗೆ ಗರಸು ಅಂದ್ರೆ ಬರೀ ತೂಕ. ಮರಳಿಗೂ ಗರಸಿಗೂ ಅದು ಭೇದ ಮಾಡುವುದೇ ಇಲ್ಲ, ಯಾಕಂದ್ರೆ ಆ ಭೇದವನ್ನು ನಾವು ಅದಕ್ಕೆ ಹೇಳಿಯೇ ಇಲ್ಲ. ಹೇಳದ ಮಾತನ್ನು ಮಾಡೆಲ್ ತಾನಾಗಿ ಊಹಿಸುವುದಿಲ್ಲ. ಮುನ್ನೂರು ಸಾವಿರ ಎಲಿಮೆಂಟ್ ಹಾಕಿದರೂ ಅಷ್ಟೇ, ಮೂರು ಪದರು ಹಾಕಿದರೂ ಅಷ್ಟೇ.

ಹಾಗಾದರೆ ದೊಡ್ಡ ಮಾಡೆಲ್‌ಗಳು ಏನು ಹೇಳುತ್ತವೆ?

ನಾವು ಓದುವ ಮಣ್ಣಿನ ಶಾಸ್ತ್ರದ ಬುನಾದಿ ಹಾಕಿದ್ದು ಟೆರ್ಜಾಘಿ, 1925ರ ಪುಸ್ತಕದಿಂದ. ಅದರ ಮೇಲೆ 1960ರ ದಶಕದಲ್ಲಿ ಕೇಂಬ್ರಿಜ್‌ನ ರಾಸ್ಕೋ ಮತ್ತು ಸಂಗಡಿಗರು ಕ್ಯಾಮ್ ಕ್ಲೇ ಮಾಡೆಲ್ ಕಟ್ಟಿದರು. ಅಲ್ಲಿಯ ಕ್ಯಾಮ್ ನದಿಯ ಹೆಸರನ್ನೇ ಮಾಡೆಲ್ಲಿಗೆ ಇಟ್ಟರು (ಬೆಣ್ಣಿಹಳ್ಳದ ಹೆಸರಿನಲ್ಲೂ ಒಂದು ಮಾಡೆಲ್ ಯಾವಾಗ ಬರ್ತದೋ!). ಇವೆಲ್ಲ ನೀರಿನಿಂದ ಪೂರ್ತಿ ತುಂಬಿದ ಮಣ್ಣಿಗೆ ಬರೆದ ಮಾತುಗಳು. ಯುರೋಪಿನ ತಂಪು ನಾಡುಗಳ ಜೇಡಿ ವರ್ಷವಿಡೀ ಹಸಿಯಾಗಿರುತ್ತದೆ. ನಮ್ಮ ಎರಿಯ ಮೇಲ್ಪದರು ಪೂರ್ತಿ ತುಂಬಿರುವುದು ವರ್ಷದಲ್ಲಿ ಕೆಲವೇ ವಾರ. ಉಳಿದ ದಿನ ಮಣ್ಣಿನ ರಂಧ್ರಗಳಲ್ಲಿ ನೀರೂ ಇರುತ್ತದೆ, ಗಾಳಿಯೂ ಇರುತ್ತದೆ. ಆ ನೀರು ಮಣ್ಣಿನ ಕಣಗಳನ್ನು ಒಳಕ್ಕೆ ಎಳೆದು ಹಿಡಿದಿರುತ್ತದೆ. ಈ ಎಳೆತಕ್ಕೆ ಸಕ್ಷನ್ ಅನ್ನುತ್ತಾರೆ. ಬೇಸಿಗೆಯ ಎರಿ ಹೆಂಟೆ ಕಲ್ಲಿನಂತೆ ಇರುವುದು ಇದರಿಂದಲೇ. ಮಳೆ ಬಿದ್ದು ಸಕ್ಷನ್ ಇಳಿದಂತೆ ಹಿಡಿತ ಸಡಿಲಾಗಿ ಮಣ್ಣು ಉಬ್ಬುತ್ತದೆ. ಅಂದರೆ ಎರಿ ಮಣ್ಣಿನ ಮಾಡೆಲ್ಲಿಗೆ ಮೇಲಿನ ಭಾರ ಒಂದು ಲೋಡ್ ಆದರೆ ಸಕ್ಷನ್ ಇನ್ನೊಂದು ಲೋಡ್. ಎರಡನೆಯದನ್ನು ಬಿಟ್ಟು ಬರೀ ಮೋರ್–ಕೂಲಂಬ್ ಹಾಕಿ ರನ್ ಕೊಟ್ಟರೆ ಬರುವ ಚಿತ್ರ ಬೇರೆ ಯಾವುದೋ ಊರಿನ ಮಣ್ಣಿನದು.

ಈ ಎರಡು ಲೋಡುಗಳನ್ನು ಒಟ್ಟಿಗೆ ಹಿಡಿದ ಮೊದಲ ಪೂರ್ಣ ಮಾಡೆಲ್ 1990ರಲ್ಲಿ ಬಂತು. ಬಾರ್ಸಿಲೋನಾದ ಅಲೋನ್ಸೊ, ಜೆನ್ಸ್, ಜೋಸಾ ಎಂಬ ಮೂವರು ಬರೆದ ಇದಕ್ಕೆ ಬಾರ್ಸಿಲೋನಾ ಬೇಸಿಕ್ ಮಾಡೆಲ್ ಅಂತ ಹೆಸರು. ಒಂದೇ ಮಣ್ಣಿಗೆ ನೀರು ತಾಗಿದಾಗ ಮೇಲೆ ಭಾರ ಕಡಿಮೆ ಇದ್ದರೆ ಉಬ್ಬುವುದು, ಭಾರ ಹೆಚ್ಚಿದ್ದರೆ ಕುಸಿಯುವುದು, ಈ ಎರಡನ್ನೂ ಅದು ಒಂದೇ ಚೌಕಟ್ಟಿನಲ್ಲಿ ತೋರಿಸುತ್ತದೆ. ಆದರೆ ಅದರ ಕರ್ತೃಗಳೇ ಹೇಳಿದಂತೆ ಅದು ಸಾಧಾರಣವಾಗಿ ಉಬ್ಬುವ ಮಣ್ಣಿಗೆ ಮಾತ್ರ. ಬಹಳ ಉಬ್ಬುವ ಮಣ್ಣಿಗಾಗಿ ಅದೇ ಗುಂಪು ಮುಂದೆ 1990ರ ದಶಕದಲ್ಲಿ ಇನ್ನೊಂದು ಮಾಡೆಲ್ ಬೆಳೆಸಿತು. ಅದರಲ್ಲಿ ಖನಿಜದ ಹಾಳೆಗಳ ಮಟ್ಟದ ಉಬ್ಬು ಬೇರೆ, ಹೆಂಟೆಗಳ ನಡುವಿನ ಖಾಲಿ ಜಾಗದ ಬದಲಾವಣೆ ಬೇರೆ, ಒಂದರ ಪರಿಣಾಮ ಇನ್ನೊಂದರ ಮೇಲೆ ಎಷ್ಟು ಎಂಬುದೂ ಇದೆ. ಎರಿ ಮಣ್ಣನ್ನು ಒಣಗಿಸಿ ನೆನೆಸಿ ಮತ್ತೆ ಒಣಗಿಸಿದರೆ ಪ್ರತಿ ಸಲ ಉಬ್ಬು ಬೇರೆಯಾಗಿ, ನಾಲ್ಕೈದು ಸುತ್ತಿನ ಮೇಲೆ ಒಂದು ಮಟ್ಟಕ್ಕೆ ನಿಲ್ಲುವುದು ಲ್ಯಾಬುಗಳಲ್ಲಿ ಕಂಡ ಸಂಗತಿ. ಅದನ್ನು ತೋರಿಸಲು ಈ ಎರಡು ಮಟ್ಟದ ಲೆಕ್ಕ ಬೇಕು.

ಕೇಳಲು ಚೆಂದ. ಆದರೆ ಇಂಥ ಮಾಡೆಲ್ಲಿಗೆ ಹತ್ತಕ್ಕೂ ಮೇಲೆ ಅಂಕಿ ಕೊಡಬೇಕು, ಸಕ್ಷನ್ ಹಿಡಿತದಲ್ಲಿಟ್ಟು ಮಾಡುವ ಒಂದೊಂದು ಪರೀಕ್ಷೆಗೂ ವಾರಗಟ್ಟಲೆ ಬೇಕು, ಅದರ ಯಂತ್ರ ಡಿಗ್ರಿ ಕಾಲೇಜಿನ ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆಗ ಏನಾಗುತ್ತದೆ? ಎಲ್ಲೋ ಒಂದು ಪೇಪರಿನಿಂದ, ಬೇರೆ ದೇಶದ ಮಣ್ಣಿನ ಅಂಕಿ ಎತ್ತಿ ನಮ್ಮ ಮಣ್ಣಿಗೆ ಹಾಕುತ್ತೇವೆ. ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಮೂರು ಪದರಿನ ಕೈಲೆಕ್ಕವೇ ಮೇಲು. ಅಲ್ಲಿ ಎಷ್ಟು ಗೊತ್ತಿದೆ, ಎಷ್ಟು ಗೊತ್ತಿಲ್ಲ ಅನ್ನುವುದು ಕಣ್ಣೆದುರಿಗೇ ಇರುತ್ತದೆ.

ಸರಳ ಲೆಕ್ಕಕ್ಕೂ ಒಂದು ಮುಳ್ಳಿದೆ. ಉಬ್ಬುವ ಒತ್ತಡ 150 ಅಂತ ಹಿಡಿದೆವಲ್ಲ, ಆ ಅಂಕಿ ಎಲ್ಲಿಂದ ಬಂತು? ಬೆಂಗಳೂರಿನ ಐಐಎಸ್‌ಸಿಯಲ್ಲಿ ಪ್ರೊ. ಅಸೂರಿ ಶ್ರೀಧರನ್ ಮತ್ತು ಸಂಗಡಿಗರು 1986ರಲ್ಲಿ ತೋರಿಸಿದಂತೆ, ಒಂದೇ ಮಣ್ಣಿನ ಉಬ್ಬುವ ಒತ್ತಡವನ್ನು ಮೂರು ವಿಧಾನದಲ್ಲಿ ಅಳೆದರೆ ಮೂರು ಉತ್ತರ ಬರುತ್ತವೆ. ಮೊದಲು ಪೂರ್ತಿ ಉಬ್ಬಲು ಬಿಟ್ಟು ಆಮೇಲೆ ಒತ್ತಿದರೆ ದೊಡ್ಡ ಅಂಕಿ, ಉಬ್ಬಲು ಬಿಡದೆ ಹಿಡಿದು ಅಳೆದರೆ ಅದಕ್ಕಿಂತ ಸಣ್ಣದು, ಬೇರೆ ಬೇರೆ ಸ್ಯಾಂಪಲ್ ಮೇಲೆ ಬೇರೆ ಬೇರೆ ಭಾರವಿಟ್ಟು ಅಳೆದರೆ ಎಲ್ಲಕ್ಕಿಂತ ಸಣ್ಣದು. ನಮ್ಮ ಲೆಕ್ಕದಲ್ಲಿ 150ರ ಜಾಗಕ್ಕೆ 250 ಹಾಕಿ ನೋಡಿದರೆ ಗೋಡೆ ಏಳುವುದು 36ರಿಂದ 54 ಮಿಲಿಮೀಟರಿಗೆ, ನಡುಮನೆ 105ರಿಂದ 133ಕ್ಕೆ ಹೋಗುತ್ತದೆ. ಆದರೆ ಎರಡರ ನಡುವಿನ ವ್ಯತ್ಯಾಸ 69ರಿಂದ 79ಕ್ಕೆ ಮಾತ್ರ. ಮನೆ ಬಿರಿಯುವುದು ಒಟ್ಟು ಏಳಿಕೆಯಿಂದಲ್ಲ, ಈ ವ್ಯತ್ಯಾಸದಿಂದ. ಹಾಗಾಗಿ ಇನ್‌ಪುಟ್ ಅಷ್ಟು ಅಲುಗಾಡಿದರೂ ನಮಗೆ ಬೇಕಾದ ಉತ್ತರ ಅಷ್ಟೊಂದು ಅಲುಗಾಡಲಿಲ್ಲ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಒಂದೇ ಅಂಕಿ ಬರೆಯುವ ಬದಲು ಇಂಥ ಅಲುಗಾಟದ ಒಂದು ಪಟ್ಟಿ ಹಾಕಿದರೆ ಎಕ್ಸಾಮಿನರ್ ಏನಂತಾರೋ ಬಿಡಿ, ಪಾಯ ಹಾಕುವ ಮೇಸ್ತ್ರಿಗೆ ಉಪಯೋಗ.

ಇಲ್ಲಿಯವರೆಗೆ ಮಣ್ಣು ಒಂದೇ ಸಲಕ್ಕೆ ಪೂರ್ತಿ ನೆನೆಯಿತು ಅಂತ ಹಿಡಿದೆವು. ನಿಜವಾಗಿ ನೀರು ಒಳಗೆ ಹೋಗುವುದಕ್ಕೂ ಒಂದು ಮಾಡೆಲ್ ಬೇಕು. ಅದು 1931ರ ರಿಚರ್ಡ್ಸ್ ಸಮೀಕರಣ. ಅದನ್ನು ಬಿಡಿಸುವ ಹೈಡ್ರಸ್–1ಡಿ ಸಾಫ್ಟ್‌ವೇರ್ ಉಚಿತವಾಗಿಯೇ ಸಿಗುತ್ತದೆ. ಮಳೆಯ ಅಂಕಿಗೂ ತೊಂದರೆ ಇಲ್ಲ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಹೋಬಳಿ ಮಟ್ಟದಲ್ಲಿ ಇವೆ. ತೊಂದರೆ ಇರುವುದು ಬಿರುಕಿನಲ್ಲಿ. ಉಬ್ಬಿ ಮುಚ್ಚಿದ ಎರಿಯಲ್ಲಿ ನೀರು ಸೆಕೆಂಡಿಗೆ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ನಿಧಾನ ಹೋಗಬಹುದು. ಗುರುತ್ವದ ಎಳೆತ ಒಂದನ್ನೇ ಹಿಡಿದರೆ ವರ್ಷಕ್ಕೆ 3 ಸೆಂಟಿಮೀಟರ್! ಆದರೆ ಜೂನ್ ತಿಂಗಳ ಮೊದಲ ದೊಡ್ಡ ಮಳೆಯ ನೀರು ಬಿರುಕಿನೊಳಗೆ ಸುರಿದು ನಿಮಿಷಗಳಲ್ಲಿ ಒಂದು ಮೀಟರ್ ಕೆಳಗೆ ಮುಟ್ಟುತ್ತದೆ. ರಿಚರ್ಡ್ಸ್ ಸಮೀಕರಣಕ್ಕೆ ಮಣ್ಣು ಅಂದರೆ ಅಖಂಡ ವಸ್ತು, ಬಿರುಕು ಅದಕ್ಕೆ ಕಾಣುವುದಿಲ್ಲ. ಮೊದಲ ಮಳೆಗಳನ್ನು ಹೊಲ ನುಂಗುತ್ತದೆ, ಬಿರುಕು ಮುಚ್ಚಿದ ಮೇಲಿನ ಮಳೆ ಹೊಲದ ಮೇಲೇ ನಿಂತು ಹಳ್ಳಕ್ಕೆ ಹರಿಯುತ್ತದೆ. ಇದನ್ನು ಯಮನೂರಿನ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. 2019ರ ಆಗಸ್ಟಿನಲ್ಲಿ ಬೆಣ್ಣಿಹಳ್ಳ ಉಕ್ಕಿ ನವಲಗುಂದ ತಾಲೂಕಿನ ಹಳ್ಳಿಗಳಿಗೆ ನೀರು ನುಗ್ಗಿದ್ದು ನಮ್ಮಲ್ಲಿ ಬಹಳ ಜನಕ್ಕೆ ನೆನಪಿದೆ. ಒಂದೇ ಹೊಲದ ಒಂದೇ ಮಣ್ಣು ಜೂನ್‌ನಲ್ಲಿ ಜರಡಿ, ಆಗಸ್ಟಿನಲ್ಲಿ ತಗಡು. ಮಾಡೆಲ್ಲಿಗೆ ಒಂದೇ ಪರ್ಮಿಯಬಿಲಿಟಿ ಕೊಟ್ಟರೆ ಇವೆರಡರಲ್ಲಿ ಒಂದು ತಪ್ಪಲೇಬೇಕು.

ಮನೆ ಕಟ್ಟಿದ ಮೇಲಂತೂ ಲೆಕ್ಕ ಮತ್ತೆ ಬದಲು. ನಡುಮನೆಯ ಕೆಳಗಿನ ಮಣ್ಣಿಗೆ ಬಿಸಿಲು ತಾಗುವುದಿಲ್ಲ, ತೇವ ಮೆಲ್ಲಗೆ ಅಲ್ಲಿ ಸೇರಿಕೊಳ್ಳುತ್ತ ವರ್ಷಗಟ್ಟಲೆ ಉಬ್ಬುತ್ತದೆ. ಹೊರಗೋಡೆಯ ಕೆಳಗಿನ ಮಣ್ಣು ಮಾತ್ರ ಋತುವಿನ ಜತೆ ಏಳುತ್ತ ಇಳಿಯುತ್ತ ಇರುತ್ತದೆ. ಬಚ್ಚಲ ನೀರು ಗೋಡೆ ಪಕ್ಕ ಇಂಗುತ್ತಿದ್ದರೆ ಆ ಮೂಲೆ ಒಂದೇ ಏಳುತ್ತದೆ. ಎರಿ ನೆಲದ ಮನೆಗೆ ಸುತ್ತ ಪ್ಲಿಂತ್ ಪ್ರೊಟೆಕ್ಷನ್ ಹಾಕಿ, ಬಚ್ಚಲ ನೀರನ್ನು ದೂರ ಬಿಡುವುದು ಎಷ್ಟೋ ಸಲ ಪಾಯಕ್ಕೆ ಹೆಚ್ಚು ಕಬ್ಬಿಣ ಹಾಕುವುದಕ್ಕಿಂತ ಒಳ್ಳೆಯದು. ದುಡ್ಡಿದ್ದವರಿಗೆ ರೂರ್ಕಿಯ ಸಿಬಿಆರ್‌ಐ ಬೆಳೆಸಿದ ಅಂಡರ್‌ರೀಮ್ಡ್ ಪೈಲ್ ಇದ್ದೇ ಇದೆ. ಸುಮಾರು 3.5 ಮೀಟರ್ ಕೆಳಗೆ, ತೇವ ಬದಲಾಗದ ಮಣ್ಣಿನಲ್ಲಿ ಗಂಟು ಹಾಕಿ ಕೂರುವ ಪೈಲ್ ಅದು.

ಕೊನೆಗೆ, ಮಾಡೆಲ್ ಸರಿಯೋ ತಪ್ಪೋ ಅಂತ ಹೇಗೆ ತಿಳಿಯೋದು? 1973ರ ರಾಂಕಿನ್ ಉಪನ್ಯಾಸದಲ್ಲಿ ಎಂಐಟಿಯ ಟಿ. ಡಬ್ಲ್ಯೂ. ಲ್ಯಾಂಬ್ ಇದಕ್ಕೊಂದು ವರ್ಗೀಕರಣ ಕೊಟ್ಟರು. ಘಟನೆಗೆ ಮೊದಲೇ ಹೇಳಿದ ಭವಿಷ್ಯ ಎ ವರ್ಗ, ನಡೆಯುತ್ತಿರುವಾಗ ಹೇಳಿದ್ದು ಬಿ, ಎಲ್ಲಾ ಮುಗಿದ ಮೇಲೆ ಹೇಳಿದ್ದು ಸಿ. ಪ್ರಾಜೆಕ್ಟುಗಳಲ್ಲಿ ನಾವು ಮಾಡುವ ವ್ಯಾಲಿಡೇಶನ್ ಬಹುತೇಕ ಸಿ ವರ್ಗದ್ದು: ಯಾರೋ ಅಳೆದ ಗ್ರಾಫ್ ಇದೆ, ನಮ್ಮ ಗೆರೆ ಅದರ ಮೇಲೆ ಕೂರುವವರೆಗೂ ಅಂಕಿಗಳನ್ನು ತಿರುಗಿಸುತ್ತ ಇರುತ್ತೇವೆ. ಎ ವರ್ಗದ ಪರೀಕ್ಷೆಗೆ ದೊಡ್ಡ ಖರ್ಚೇನೂ ಇಲ್ಲ. ನಮ್ಮ ಸರ್ವೇ ಲ್ಯಾಬಿನ ಲೆವೆಲ್ಲು, ಸ್ಟಾಫು ಸಾಕು.

ಮೇ ತಿಂಗಳಲ್ಲಿ ಒಂದು ಎರಿ ಹೊಲದ ಮಾಲಕರನ್ನು ಕೇಳಿ, ಬದುವಿನ ಪಕ್ಕ ನಾಲ್ಕು ಕಡೆ ಸಣ್ಣ ಕಾಂಕ್ರೀಟ್ ಬಿಲ್ಲೆ ಕೂರಿಸಿ. ಅಳತೆಯ ಆಧಾರಕ್ಕೆ 4 ಮೀಟರ್ ಆಳದ ತನಕ ಒಂದು ಕಬ್ಬಿಣದ ಸಳಿ ಇಳಿಸಿ. ಮೇಲಿನ ಮಣ್ಣು ಸಳಿಯನ್ನು ಹಿಡಿದು ಎತ್ತದಂತೆ ಸುತ್ತ ಪೈಪ್ ಇರಲಿ. ಅರ್ಧ ಅರ್ಧ ಮೀಟರಿಗೆ ಮಣ್ಣು ತೆಗೆದು ತೇವಾಂಶ ನೋಡಿ. ಸಕ್ಷನ್ ಅಳೆಯಲು ವಾಟ್‌ಮನ್ 42 ಫಿಲ್ಟರ್ ಪೇಪರನ್ನು ಮಣ್ಣಿನ ಜತೆ ಡಬ್ಬಿಯಲ್ಲಿ ಗಾಳಿಯಾಡದಂತೆ ವಾರ ಕಾಲ ಮುಚ್ಚಿಟ್ಟು, ಪೇಪರ್ ಎಷ್ಟು ತೇವ ಹೀರಿತು ಅಂತ ತೂಗಿದರೆ ಆಯಿತು, 0.1 ಮಿಲಿಗ್ರಾಂ ತನಕ ತೋರಿಸುವ ತಕ್ಕಡಿ ಕೆಮಿಸ್ಟ್ರಿ ಲ್ಯಾಬಿನಲ್ಲಿ ಸಿಗುತ್ತದೆ. ಬಿರುಕಿನೊಳಗೆ ತೆಳು ತಂತಿ ಇಳಿಸಿ ಆಳ, ಮೇಲೆ ಸ್ಕೇಲ್ ಇಟ್ಟು ಅಗಲ, ಎರಡನ್ನೂ ಬರೆದಿಡಿ. ಆಮೇಲೆ ಲೆಕ್ಕ ಹಾಕಿ, ಸೆಪ್ಟೆಂಬರ್ ಕೊನೆಗೆ ನಾಲ್ಕು ಬಿಲ್ಲೆ ಎಷ್ಟೆಷ್ಟು ಮಿಲಿಮೀಟರ್ ಏಳುತ್ತವೆ ಅಂತ ಒಂದು ಹಾಳೆಯಲ್ಲಿ ಬರೆದು, ಮೊದಲ ಮಳೆ ಬೀಳುವ ಮುಂಚೆ ಗೈಡ್ ಕೈಯಲ್ಲಿ ತಾರೀಖು ಹಾಕಿಸಿ ಕೊಟ್ಟುಬಿಡಿ.